ಕಾಕಾ ಏರಿ ಕುಳಿತ ಟೇಬಲ್ಲು

ಇವತ್ತು ಬೆಳಿಗ್ಗೆ ಪಡಸಾಲೆಯ ಪೋಕರ್ ಟೇಬಲ್ಲನ್ನು ಬಿಚ್ಚಿಹಾಕಲು ಸ್ಕ್ರೂಡ್ರೈವರ್ ಹಿಡಿದು ಕುಳಿತೆ. ಗ್ಲಾಸು ಇಡಲೆಂದು ಅಂಚಿನಲ್ಲಿ ಕೊರೆದ ತೂತಿಗೆ ಬೆರಳು ಹೋಯಿತು, ಊದಿನಕಡ್ಡಿಯ ಬೂದಿ ಹತ್ತಿತು. ಕೈ ಅಲ್ಲೇ ನಿಂತಿತು. ಪೋಕರ್ ಟೇಬಲ್ಲಿಗೂ ಊದಿನಕಡ್ಡಿಗೂ ಏನು ಸಂಬಂಧವೆಂದು ನೀವು ಕೇಳಬಹುದು. ಹೋದ ವರ್ಷದವರೆಗೆ ನನಗೂ ಗೊತ್ತಿರಲಿಲ್ಲ.

ಬೈಲಹೊಂಗಲದ ನಮ್ಮ ಮನೆಯಲ್ಲಿ ರವಿವಾರ ಮಧ್ಯಾಹ್ನವೆಂದರೆ ಕಾಕಾನ ಇಸ್ಪೀಟು. ಯರಗಟ್ಟಿಯಿಂದ ಒಬ್ಬ, ಸಂಪಗಾಂವದಿಂದ ಒಬ್ಬ, ಓಣಿಯಿಂದ ಒಬ್ಬ ಗೆಳೆಯ ಬಂದು ಜಮಖಾನದ ಮೇಲೆ ಚಕ್ಕಳಮಕ್ಕಳ ಹಾಕಿದರೆ ದೀಪ ಹಚ್ಚುವವರೆಗೆ ಏಳುತ್ತಿರಲಿಲ್ಲ. ಮೊಣಕಾಲು ಕೈಕೊಟ್ಟ ಮೇಲೆ ಕಾಕಾನನ್ನು ನೆಲದಿಂದ ಎಬ್ಬಿಸುವುದೇ ಒಂದು ಕೆಲಸವಾಯಿತು. ನಾನೋ ಮಹಾ ಜಾಣ. ಬೆಳಗಾವಿಯ ಅಂಗಡಿಯಿಂದ ಹಸಿರು ಬಟ್ಟೆ ಹೊದಿಸಿದ ಈ ಟೇಬಲ್ಲು ತಂದು ಸುತ್ತ ಕುರ್ಚಿ ಇಟ್ಟೆ. ಚಹಾ ತರುವಷ್ಟರಲ್ಲಿ ನಾಲ್ವರೂ ಕುರ್ಚಿಯನ್ನು ಮೆಟ್ಟಿಲು ಮಾಡಿಕೊಂಡು ಟೇಬಲ್ಲಿನ ಮೇಲೆಯೇ ಏರಿ ಕುಳಿತಿದ್ದರು. ಚಪ್ಪಲಿ ಮಾತ್ರ ಮರ್ಯಾದೆಯಿಂದ ಕೆಳಗೆ ಬಿಟ್ಟಿದ್ದರು.

“ಕುಂದ್ರಾಕ ಕಟ್ಟಿ ಛಲೋ ತಂದಿ ನೋಡೋ ತಮ್ಮಾ. ಇಳಿಯಾಕೂ ಹಗುರ ಆಕ್ಕೈತಿ,” ಎಂದ ಕಾಕಾ, ತಂಬಾಕಿನ ಸಂಚಿಯನ್ನು ತೂತಿಗಿಳಿಸಿ ಇಸ್ಪೀಟಿನ ಎಲೆ ಬಡಿದ. ಟೇಬಲ್ಲಿನ ಮಡಚುವ ಕಾಲು ಮಡಚಿಕೊಂಡಿತು. ಎಲ್ಲರೂ ನೆಲಕ್ಕೆ. ಕಾಕಾ ಕಣ್ಣು ಮುಚ್ಚಿ ಬಿದ್ದಿದ್ದ. ಚಹಾ ಕೆಳಗಿಟ್ಟು ಓಡಿದೆ.

“ಯಾರೂ ನನ್ನ ಎಲಿ ನೋಡಬ್ಯಾಡ್ರಿ,” ಎಂದ, ಕಣ್ಣು ತೆರೆಯದೆ.

ಕಾಕಾನ ಹೆಂಡತಿ, ನಮ್ಮ ಚಿಗವ್ವ, ಒಳಗಿನಿಂದ ಓಡಿಬಂದು, “ಈ ಹಾಳ ಹಲಗಿ ತಿಪ್ಪಿಗೆ ಒಗದ ಬಾ,” ಎಂದಳು.

ನಾನು ಹಠಕ್ಕೆ ಬಿದ್ದೆ. ಕಾಲುಗಳನ್ನು ಗಿಡ್ಡ ಕೊಯ್ದು, ಮಡಚುವ ಕೀಲು ಕಿತ್ತು, ಕೆಳಗೆ ದಪ್ಪ ಪ್ಲೈವುಡ್ಡು, ಅಡ್ಡಪಟ್ಟಿ, ಮೂಲೆಗೆ ಕಬ್ಬಿಣದ ಪಟ್ಟಿ ಕೊಟ್ಟು, ಅಂಟು ಸುರಿದು ಸ್ಕ್ರೂ ಬಿಗಿದೆ. ಜೋಳದ ಚೀಲ ಹೇರಿ ನೋಡಿ, ಗೋಡೆಗೆ ಹಚ್ಚಿ ಇಟ್ಟೆ. ಆಮೇಲೆ ಅದು ಎಂದೂ ಅಲುಗಲಿಲ್ಲ. ಆದರೂ ಕಾಕಾ ಏರಿದಾಗಲೆಲ್ಲ ನಾನು ಬಗ್ಗಿ ಅದರ ಕಾಲು ನೋಡುತ್ತಿದ್ದೆ.

ಹೋದ ವರ್ಷ ಒಂದು ರವಿವಾರ ಊಟ ಮಾಡಿ, ಗೆಳೆಯರು ಬರುವ ಮೊದಲೇ, ಕಾಕಾ ತೀರಿಕೊಂಡ. ನಮ್ಮ ಲಿಂಗಾಯತರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ವಿಭೂತಿ ಹಚ್ಚಿ, ರುಮಾಲು ಸುತ್ತಿ, ಗೋಡೆಗೆ ಆನಿಸಿ ಕೂಡ್ರಿಸುತ್ತೇವೆ. ಭಾರದ ಆಳು, ಎಲ್ಲಿ ಕೂಡ್ರಿಸುವುದೆಂದು ಹಿರಿಯರು ಅತ್ತಿತ್ತ ನೋಡಿದರು. ಚಿಗವ್ವ ಅಳು ನಿಲ್ಲಿಸಿದಳು.

“ಅವರ ಟೇಬಲ್ ಐತೆಲ್ಲ. ಅದರ ಮ್ಯಾಲೆ ಕುಂಡ್ರಸ್ರಿ.”

ನನಗೆ ಸಿಡಿಲು ಬಡಿದಂತಾಯಿತು. ಕಾಕಾ ಬೀಳಬಾರದೆಂದು ಬಿಗಿದದ್ದು ನಿಜ, ಆದರೆ ಹೀಗೆ ಕೂಡ್ರಿಸಲು ಅಲ್ಲ. ಯಾರೋ ತೂತುಗಳಲ್ಲಿ ಊದಿನಕಡ್ಡಿ ನಿಲ್ಲಿಸಿದರು. ಬಂದವರೆಲ್ಲ ಕೊನೆಯ ಸಲ ಅವನ ಮುಖ ನೋಡಿ ಕೈ ಮುಗಿದರು. ನಾನೊಬ್ಬ ಟೇಬಲ್ಲಿನ ಕಾಲುಗಳನ್ನೇ ನೋಡುತ್ತ ನಿಂತಿದ್ದೆ, ಎಲ್ಲಿ ಕಿರ್ ಎಂದೀತೋ ಎಂದು.

ಅಂದಿನಿಂದ ಅದನ್ನು ಕಂಡರೆ ಕಾಕಾನನ್ನು ಕೂಡ್ರಿಸಿದ್ದೇ ಕಣ್ಣಿಗೆ ಬರುತ್ತದೆ. ಅದಕ್ಕೇ ಇವತ್ತು ಬಿಚ್ಚಲು ಕುಳಿತದ್ದು. ನಾನೇ ಬಿಗಿದ ಸ್ಕ್ರೂ ನನಗೇ ಜಗ್ಗಲಿಲ್ಲ.

“ಏನ್ ಮಾಡಾಕತ್ತಿ?” ಚಿಗವ್ವ ಬಂದು ನಿಂತಿದ್ದಳು. “ಇವತ್ತ ರವಿವಾರ. ಅವರ ಗೆಳ್ಯಾರಿಗೆ ಫೋನ್ ಹಚ್ಚಿ ಬರ್ರಿ ಅಂದೇನಿ. ಒಂದ್ ಕೈ ಕಡಿಮಿ ಬೀಳತೈತಿ, ನೀ ಕುಂದರು.”

“ಎಲ್ಲಿ?”

“ಅವರ ಜಾಗಾದಾಗ. ಮತ್ತೆಲ್ಲಿ?”

ಮಧ್ಯಾಹ್ನ ಮೂವರೂ ಬಂದು, ಗೋಡೆಯ ಕಡೆ ಒಂದು ಜಾಗ ಬಿಟ್ಟು ಕುಳಿತರು. ಚಪ್ಪಲಿ ಬಿಟ್ಟು ನಾನೂ ಏರಿದೆ. ಬೆನ್ನಿಗೆ ಗೋಡೆ ತಾಗಿತು. ಅಲ್ಲಿಂದ ಟೇಬಲ್ಲಿನ ಕಾಲು ಕಾಣುವುದಿಲ್ಲ. ಎದುರಿಗೆ ಕುಳಿತವರ ಮುಖ ಕಾಣುತ್ತದೆ.