ಸರೋಜತ್ತೆಯ ಬಲ ಮೊಣಕೈ

ಮನುಷ್ಯರನ್ನು ಗುರುತಿಸಲು ಮುಖವೇ ಬೇಕೆಂದು ಪಾಸ್‌ಪೋರ್ಟ್ ಕಚೇರಿಯವರು ನಂಬಿದ್ದಾರೆಂದರೆ, ಅವರು ಯಾರ ಹಿಂದೆಯೂ ನಿಧಾನವಾಗಿ ನಡೆದು ನೋಡಿಲ್ಲವೆಂದೇ ಅರ್ಥ. ನೆದರ್ಲೆಂಡ್ಸಿನ ಐಂಡ್‌ಹೋವನ್ ರೈಲು ನಿಲ್ದಾಣದ ಮೆಟ್ಟಿಲ ಬುಡದಲ್ಲಿ ಕಾಫಿ ಹಿಡಿದು ಒಂದಿಷ್ಟು ಹೊತ್ತು ನಿಲ್ಲಿ: ಸೈಕಲ್ಲನ್ನು ಆಗತಾನೇ ಹೊರಗೆ ಬಿಟ್ಟುಬಂದ ಡಚ್ಚರು ಅದಿನ್ನೂ ಕಾಲ ಕೆಳಗೇ ಇದೆಯೆಂಬ ಭ್ರಮೆಯಲ್ಲಿ ಮಂಡಿಯೆತ್ತಿ ನಡೆಯುತ್ತಾರೆ, ನಮ್ಮ ಬೆಂಗಳೂರಿನ ಇಂಜಿನಿಯರುಗಳು ಬೆನ್ನಮೇಲಿನ ಲ್ಯಾಪ್‌ಟಾಪಿಗೆ ತಾವೇ ಬಾಡಿಗೆ ವಾಹನವೆಂಬಂತೆ ಮುಂದಕ್ಕೆ ಬಾಗಿ ಸಾಗುತ್ತಾರೆ, ಇನ್ನು ನಾನು, ಅಂಗಡಿಯ ಗಾಜುಗಳ ಸಾಕ್ಷ್ಯವನ್ನು ನಂಬುವುದಾದರೆ, ಕೆಲಸದ ಸಂದರ್ಶನಕ್ಕೆ ಹೊರಟ ಕೊಕ್ಕರೆಯ ಹಾಗೆ ನಡೆಯುತ್ತೇನೆ.

ವಾರವಿಡೀ ಕಂಪ್ಯೂಟರ್ ಚಿಪ್‌ಗಳ ದೋಷ ಹುಡುಕುವುದು ನನ್ನ ಉದ್ಯೋಗ. ವಾರಾಂತ್ಯದಲ್ಲಿ ಮನುಷ್ಯರ ದೋಷ ಹುಡುಕಿ ಅಣಕಿಸುವುದು ವ್ಯಸನ. ಈ ವ್ಯಸನದ ಕೀರ್ತಿಶಿಖರವೆಂದರೆ ‘ಅತ್ತೆಯ ನಡಿಗೆ’ ಎಂಬ ನನ್ನ ಪ್ರಸಿದ್ಧ ಐಟಂ. ಪ್ರಸಿದ್ಧ ಎಂದರೆ ಟಿಲ್‌ಬರ್ಗಿನ ಕನ್ನಡ ಕೂಟದ ಪರಿಧಿಯೊಳಗೆ. ಅದರಾಚೆ ನನ್ನನ್ನು ಯಾರೂ ಬಲ್ಲವರಿಲ್ಲ.

ಮೈಸೂರಿನ ಸರೋಜತ್ತೆ ನಮ್ಮ ತಂದೆಯ ಅಕ್ಕ, ಕೇಂದ್ರ ಸರ್ಕಾರದ ಭದ್ರತಾ ಪಡೆಯೊಂದರಲ್ಲಿ ಇನ್‌ಸ್ಪೆಕ್ಟರ್ ಆಗಿ ನಿವೃತ್ತರಾದವರು. ನಮ್ಮ ಮನೆಯ ಉಳಿದ ಹೆಂಗಸರು ಬೀಗದ ಕೈಗೊಂಚಲು ಸಿಕ್ಕಿಸಿಕೊಳ್ಳುತ್ತಿದ್ದ ಸೊಂಟದ ಆ ಜಾಗದಲ್ಲೇ, ತೊಂಬತ್ತರ ದಶಕದಲ್ಲಿ, ಅವರು ಚರ್ಮದ ಒರೆಯೊಳಗೆ ಆರು ಗುಂಡಿನ ರಿವಾಲ್ವರ್ ಇಟ್ಟುಕೊಂಡು ತಿರುಗುತ್ತಿದ್ದರು. ಅದರ ಹಿಡಿಯ ತುದಿಗೊಂದು ಬಳೆ, ಬಳೆಗೊಂದು ದಪ್ಪ ಹುರಿ, ಹುರಿಯ ಇನ್ನೊಂದು ತುದಿ ಭುಜಕ್ಕೆ: ಚಳಿಗಾಲದಲ್ಲಿ ಇಲ್ಲಿನ ತಾಯಂದಿರು ಮಕ್ಕಳ ಕೈಗವಸಿಗೆ ದಾರ ಕಟ್ಟುವುದಿಲ್ಲವೇ, ಬಿದ್ದುಹೋಗದಿರಲೆಂದು, ಹಾಗೆ. ಆ ಆಯುಧ ಸರ್ಕಾರಕ್ಕೆ ಮರಳಿ ಎಷ್ಟೋ ಕಾಲವಾದರೂ ಅತ್ತೆ ನಡೆಯುವಾಗ ಎಡಗೈ ಮಾತ್ರ ಬೀಸುತ್ತದೆ. ಬಲ ಮೊಣಕೈ ಪಕ್ಕೆಯಿಂದ ದೂರ ಸರಿದು, ಒಂದೇ ರೆಕ್ಕೆ ಬಿಚ್ಚಿದ ಕೋಳಿಯಂತೆ, ಅಲ್ಲೇ ನಿಲ್ಲುತ್ತದೆ. ಬಂಧುವರ್ಗ ಇದಕ್ಕೆ ‘ಪೊಲೀಸ್ ದೌಲತ್ತು’ ಎಂದು ನಾಮಕರಣ ಮಾಡಿತ್ತು. ನಾನು ಆ ದೌಲತ್ತಿಗೆ ಒಂದು ಎದೆಯುಬ್ಬನ್ನೂ ಒಂದು ಹುಬ್ಬುಗಂಟನ್ನೂ ಸೇರಿಸಿ ಚಪ್ಪಾಳೆ ಸಂಪಾದಿಸುತ್ತಿದ್ದೆ.

ಈ ವಸಂತದಲ್ಲಿ ಅತ್ತೆ ಐಂಡ್‌ಹೋವನ್ನಿನ ತಮ್ಮ ಮಗಳು ಸ್ಮಿತಕ್ಕನ ಮನೆಗೆ ಬಂದರು. ಯುಗಾದಿ ಕಾರ್ಯಕ್ರಮಕ್ಕೆ ನನ್ನ ಐಟಂ ಆಗಲೇ ಘೋಷಿತವಾಗಿತ್ತು. ಊಟದ ಹೊತ್ತಿನಲ್ಲಿ ಸ್ಮಿತಕ್ಕ, ಉಪ್ಪು ಕೇಳುವಷ್ಟೇ ಸಹಜವಾಗಿ, ಬಾಯಿಬಿಟ್ಟಳು.

“ಅಮ್ಮಾ, ಇವ್ನು ಸ್ಟೇಜ್ ಮೇಲೆ ಥೇಟ್ ನಿನ್ ಥರಾನೇ ನಡೀತಾನೆ. ಜನ ಬಿದ್ದೂ ಬಿದ್ದೂ ನಗ್ತಾರೆ.”

ಅತ್ತೆ ಸಾರು ಕಲಸುವುದನ್ನು ನಿಲ್ಲಿಸಲಿಲ್ಲ. “ಹೌದೇನೋ? ಹಾಗಾದ್ರೆ ಮುಂದಿನ ಸಾಲಲ್ಲೇ ನಂಗೊಂದು ಸೀಟ್ ಹಿಡಿ. ನಗು ಬಂದ್ರೆ ನಗ್ತೀನಿ, ಬರ್ಲಿಲ್ಲ ಅಂದ್ರೆ ಎದ್ದು ಹೋಗ್ತೀನಿ. ಮೊದ್ಲೇ ಹೇಳಿದೀನಿ, ಆಮೇಲೆ ಮುಖ ಊದಿಸ್ಕೋಬೇಡ.”

ನಾನು ಸಾರನ್ನದ ಮೇಲೇ ಮೊಸರು ಸುರಿದುಕೊಂಡೆ. ಬಾಲ್ಯದಲ್ಲಿ ನಾನು ಹಾಲಿನವನನ್ನೂ ಹೆಡ್‌ಮಾಸ್ತರನ್ನೂ ಅಣಕಿಸಿದಾಗ ಮನೆಯವರೆಲ್ಲ ಗದರಿದರೆ, ನಕ್ಕು “ಇನ್ನೊಂದ್ಸಲ ಮಾಡೋ” ಎಂದವರು ಅವರೊಬ್ಬರೇ. ಆ ಪ್ರಥಮ ಪ್ರೇಕ್ಷಕಿಯೇ ಎದ್ದುಹೋದರೆ ಮತ್ತೆ ಯಾರನ್ನಾದರೂ ಅಣಕಿಸುವ ಮುಖ ನನಗೆಲ್ಲಿ ಉಳಿದೀತು?

ಶನಿವಾರ ಮೂವರೂ ಟಿಲ್‌ಬರ್ಗಿನ ರೈಲಿಗೆ ಹೊರಟೆವು. ನಿಲ್ದಾಣದ ಮುಂದೆ ಪೊಲೀಸ್ ತರುಣಿಯೊಬ್ಬಳು ಸೈಕಲ್ ಹಿಡಿದು ನಿಂತಿದ್ದಳು. ಎಲ್ಲರ ಕಣ್ಣು ಮೊದಲು ಮುಖಕ್ಕೆ ಹೋದರೆ ಅತ್ತೆಯ ಕಣ್ಣು ನೇರ ಅವಳ ಸೊಂಟದ ಪಿಸ್ತೂಲಿಗೇ ಇಳಿಯಿತು. ಯಾವ ದೇಶದಲ್ಲೂ ಇದು ಆರೋಗ್ಯಕರ ಅಭ್ಯಾಸವಲ್ಲವೆಂದು ನಾನು ಸೆರಗು ಹಿಡಿದೆಳೆಯುವಷ್ಟರಲ್ಲಿ ಅವರು ಅವಳೆದುರು ನಿಂತು, ತಾನೂ ಸರ್ವಿಸಿನಲ್ಲಿದ್ದವಳೆಂದು ಇಂಗ್ಲಿಷಿನಲ್ಲಿ ಪರಿಚಯಿಸಿಕೊಂಡು, “ಇದರ ಹಿಡಿ ಪಕ್ಕೆಗೆ ಚುಚ್ಚುವುದಿಲ್ಲವೇ?” ಎಂದು ಕೇಳಿಬಿಟ್ಟಿದ್ದರು.

ಆ ತರುಣಿ ಗಟ್ಟಿಯಾಗಿ ನಕ್ಕಳು. ಇಲ್ಲವಂತೆ; ಒರೆ ಬೆಲ್ಟಿಗಿಂತ ಕೆಳಗೆ ಜೋತುಬೀಳುತ್ತದಂತೆ; ಹಳೆಯ ಸಹೋದ್ಯೋಗಿ ಹೆಂಗಸರು ಮಾತ್ರ ಇದೇ ಗೋಳು ಹೇಳಿಕೊಳ್ಳುತ್ತಿದ್ದರಂತೆ. ಅವಳು ಪಕ್ಕಕ್ಕೆ ತಿರುಗಿ ನಿಂತಳು. ಅತ್ತೆ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಮದುವೆ ಸೀರೆಯ ಅಂಚು ನೋಡುವಷ್ಟು ಶ್ರದ್ಧೆಯಿಂದ ಬಾಗಿ ನೋಡಿ, “ವೆರಿ ಗುಡ್” ಎಂದರು.

ರೈಲಿನಲ್ಲಿ ನಾನು ಕೇಳದೆ ಇರಲಾಗಲಿಲ್ಲ. “ಪಕ್ಕೆಗೆ ಚುಚ್ಚೋದು ಅಂದ್ರೆ ಏನತ್ತೆ?”

“ಗಂಡಸರ ಸೊಂಟಕ್ಕೆ ಅಂತ ಮಾಡಿದ ಒರೆ ಕಣೋ ಅದು. ಅವ್ರಿಗೆ ನೆಟ್ಟಗೆ ಕೂರತ್ತೆ. ನಮ್ದು ಸೊಂಟ ಅಗಲ. ಒರೆಯ ಅಡಿ ಆಚೆ ಹೋಗತ್ತೆ, ರಿವಾಲ್ವರ್ ಹಿಡಿ ಒಳಗ್ ವಾಲಿ ಪಕ್ಕೆಗೆ ನಾಟತ್ತೆ. ಮೊಣಕೈ ಹತ್ರ ತಂದ್ರೆ ಇನ್ನೂ ಒತ್ತತ್ತೆ.”

“ಹೇಳ್ಬಾರ್ದಿತ್ತಾ?”

“ಹೇಳ್ದೆ. ‘ಕಷ್ಟ ಆದ್ರೆ ಕಳಚಿಟ್ಟು ಗೇಟಲ್ಲಿ ಹೆಂಗಸರ ಬ್ಯಾಗ್ ನೋಡ್ಕೊಂಡಿರಿ’ ಅಂದ್ರು ಮೇಲಿನ ಸಾಹೇಬ್ರು. ನಾನು ಕಳಚಿಟ್ರೆ ನನ್ ಹಿಂದೆ ಬರೋ ಹುಡುಗೀರಿಗೂ ಬ್ಯಾಗೇ ಗತಿ. ಅದಕ್ಕೇ ಮೊಣಕೈ ಆಚೆ ಇಟ್ಕೊಂಡು ನಡೆದೆ. ಆಮೇಲೆ ಚಪ್ಪಟೆ ಪಿಸ್ತೂಲು ಬಂತು, ಅಷ್ಟು ಚುಚ್ತಿರ್ಲಿಲ್ಲ. ಆದ್ರೆ ಕೈ ಅಷ್ಟೊತ್ತಿಗೆ ಕಲ್ತುಬಿಟ್ಟಿತ್ತು.” ಕಿಟಕಿಯಾಚೆಯ ಹಸುಗಳನ್ನು ನೋಡುತ್ತ ಸೇರಿಸಿದರು: “ಪ್ರಾಕ್ಟೀಸ್ ಮೈದಾನ ಬಿಟ್ರೆ ಎಲ್ಲೂ ಒಂದು ಗುಂಡು ಹಾರಿಸ್ಲಿಲ್ಲ ಕಣೋ ನಾನು. ಹಾರಿಸೋ ಹಾಗೆ ಆಗೋಕೂ ಬಿಡ್ಲಿಲ್ಲ.”

ಅವರ ದನಿಯಲ್ಲಿ ದೂರಿರಲಿಲ್ಲ. ಚೆನ್ನಾಗಿ ಹದ ಬಂದ ಉಪ್ಪಿನಕಾಯಿಯ ಬಗ್ಗೆ ಹೇಳುವಾಗಿನ ತೃಪ್ತಿಯಿತ್ತು. ದೌಲತ್ತು ಎಂದು ನಾನು ರಂಗದ ಮೇಲೆ ಮಾರಿದ್ದು ಒಂದು ಹಟವನ್ನು! ಸೋದರಳಿಯನಾಗಿ ನನ್ನ ಎದೆ ಉಬ್ಬಿತು. ಕಲಾವಿದನಾಗಿ ನನ್ನ ಮಾನ ಹೋಯಿತು. ಕಾರ್ಯಕ್ರಮಕ್ಕೆ ಇನ್ನು ರೈಲಿಳಿಯುವಷ್ಟೇ ವ್ಯವಧಾನ.

ವೇದಿಕೆಯಲ್ಲಿ ನಾನು ಹುಬ್ಬು ಗಂಟಿಕ್ಕಲಿಲ್ಲ, ಎದೆ ಉಬ್ಬಿಸಲಿಲ್ಲ. ಹಿಡಿಯೊಂದು ಪಕ್ಕೆಗೆ ನಾಟುತ್ತಿದೆಯೆಂದು ಬಗೆದು, ಮೊಣಕೈಯನ್ನು ಅದರಿಂದ ತಪ್ಪಿಸಿ, ನೋವನ್ನು ಯಾರಿಗೂ ಬಿಟ್ಟುಕೊಡದ ಮುಖದಲ್ಲಿ ನಡೆದೆ. ಅಭ್ಯಾಸಬಲದಿಂದ ಎದ್ದ ನಗು ಅರ್ಧದಲ್ಲೇ ತಬ್ಬಿಬ್ಬಾಗಿ ಕುಳಿತಿತು. ಪರದೆಯ ಸಂದಿಯಿಂದ ಕೂಟದ ಕಾರ್ಯದರ್ಶಿ ಗಿರೀಶ “ಗುರೂ, ಹುಬ್ಬು! ಹುಬ್ಬು ಮರ್ತಿದೀಯ!” ಎಂದು ಪಿಸುಗುಟ್ಟುತ್ತಿದ್ದ. ಅಷ್ಟರಲ್ಲಿ ಮುಂದಿನ ಸಾಲಿನಲ್ಲಿ ಅತ್ತೆ ಎದ್ದುನಿಂತರು.

ಮುಗಿಯಿತು, ಎಂದುಕೊಂಡೆ. ಅವರು ಬಾಗಿಲ ಕಡೆಗೆ ಹೋಗಲಿಲ್ಲ. ನೇರ ವೇದಿಕೆ ಹತ್ತಿ, ನಿರೂಪಕಿಯ ಕುರ್ಚಿ ಎಳೆದುಕೊಂಡು, “ನಡೆಯೋದು ಸರಿಯಾಗಿದೆ. ಕೂರೋದನ್ನ ಬಿಟ್ಟಿದಾನೆ. ಮಜಾ ಇರೋದೇ ಅಲ್ಲಿ” ಎಂದು ಸಭೆಗೆ ತಿಳಿಸಿದರು. ಬಳಿಕ ಇಲ್ಲದ ರಿವಾಲ್ವರನ್ನು ಸೊಂಟದಲ್ಲಿಟ್ಟುಕೊಂಡು ಇಲ್ಲದ ಜೀಪನ್ನು ಹತ್ತಿದರು: ಓರೆಯಾಗಿ ತೂರಿ, ಹಿಡಿಯನ್ನು ಪಕ್ಕಕ್ಕೆ ತಳ್ಳಿ, ಅದು ಮರಳಿ ತಿವಿದೊಡನೆ ಅರ್ಧ ಎದ್ದು, ಎದುರಿಗೆ ಬಂದ ಮೇಲಧಿಕಾರಿಗೆ ಅದೇ ಭಂಗಿಯಲ್ಲಿ, ಎದ್ದದ್ದು ಗೌರವಕ್ಕೇ ಎಂಬಂತೆ, ಸೆಲ್ಯೂಟ್ ಹೊಡೆದರು. ಸಭಾಂಗಣ ಸಿಡಿಯಿತು. ಕನ್ನಡಕ್ಕೆ ಡಚ್ಚಿನಲ್ಲಿ ಉತ್ತರಿಸುವ ಚಿಳ್ಳೆಪಿಳ್ಳೆಗಳೂ ಕೇಕೆ ಹಾಕಿದವು. ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವರು ಅತ್ತೆಯೇ. ಅಣಕಿಸುವ ರೋಗ ನನಗೆ ಯಾವ ರಕ್ತದಿಂದ ಬಂದಿತೆಂಬುದೂ ಆ ಕುರ್ಚಿಯ ಮೇಲೇ ಸಾಬೀತಾಯಿತು.

ಹೋಳಿಗೆಯ ಸಾಲಿನಲ್ಲಿ ಗಿರೀಶ ನನ್ನನ್ನು ಯಾರಿಗೋ ಪರಿಚಯಿಸಿದ: “ಇವ್ನು ಇನ್‌ಸ್ಪೆಕ್ಟರ್ ಮೇಡಂ ಸೋದರಳಿಯ.” ನನ್ನ ಹೆಸರು ಹೇಳುವ ಗೋಜಿಗೆ ಅವನು ಹೋಗಲಿಲ್ಲ, ನನಗೂ ಅದರ ಕೊರತೆ ಕಾಣಲಿಲ್ಲ.

ಮರಳುವಾಗ ಪ್ಲಾಟ್‌ಫಾರ್ಮಿನಲ್ಲಿ ಕಾಲಿಡಲು ತೆರಪಿರಲಿಲ್ಲ. ನಡಿಗೆ ನೋಡಿ ಮನುಷ್ಯರು ಯಾರೆಂದು ಹೇಳಬಲ್ಲೆನೆಂಬ ನನ್ನ ಜಂಬ ಹಾಗೆಯೇ ಇದೆ. ಏಕೆ ಹಾಗೆ ನಡೆಯುತ್ತಾರೆಂದು ಮಾತ್ರ ಇನ್ನುಮುಂದೆ ಕೇಳಿ ತಿಳಿಯಬೇಕು. ಅತ್ತೆ ಮುಂದೆ ಹೊರಟರು. ಆ ಬಲ ಮೊಣಕೈಗೆ ತಾಗದಿರಲೆಂದು ಜನ ತಾವಾಗಿಯೇ ಒಂದಿಷ್ಟು ಸರಿದರು, ಮತ್ತು ಅದು ಬಿಡಿಸಿಕೊಟ್ಟ ಜಾಗದಲ್ಲಿ ಸ್ಮಿತಕ್ಕನೂ ಅವಳ ಹಿಂದೆ ನಾನೂ ಸಲೀಸಾಗಿ ನಡೆದುಹೋದೆವು.