ಕ್ವಾರಿಯವರು ಕೊಟ್ಟ ಕೋಣೆ

ಸಾತನೂರು ದಾಟಿ ಒಳಗೆ, ಗುಡ್ಡದ ಬುಡದಲ್ಲಿದ್ದ ಊರಿಗೆ ನಾನು ಸೊಸೆಯಾಗಿ ಬಂದಾಗ ಗುಡ್ಡ ಇಡಿಯಾಗಿತ್ತು. ಮಗಳು ಶಾಲೆಗೆ ಸೇರುವ ಹೊತ್ತಿಗೆ ಅದರ ಒಂದು ಮಗ್ಗುಲು ಕುಯ್ದಿಟ್ಟ ಹಲಸಿನಹಣ್ಣಿನಂತೆ ಬಾಯಿ ತೆರೆದುಕೊಂಡಿತ್ತು. ಬಿಡದಿಯ ಕಡೆ ಏಳುತ್ತಿದ್ದ ಕಾರ್ಖಾನೆಗಳಿಗೆ, ಅಗಲವಾಗುತ್ತಿದ್ದ ರಸ್ತೆಗಳಿಗೆ ನಮ್ಮ ಗುಡ್ಡವೇ ಜಲ್ಲಿಯಾಗಿ ಹೋಗುತ್ತಿತ್ತು. ನನ್ನ ಗಂಡ ಆ ಗುಡ್ಡ ಒಡೆಯುವ ಕಲ್ಲು ಕ್ವಾರಿಯಲ್ಲೇ ಟಿಪ್ಪರ್ ಓಡಿಸುತ್ತಿದ್ದರು.

ಊರಿನ ಸರ್ಕಾರಿ ಶಾಲೆಯಲ್ಲಿ ಎಲ್ಲ ತರಗತಿಗೂ ಒಬ್ಬರೇ ಮೇಡಂ. ನಾನು ಪಿಯುಸಿ ಓದಿದ್ದೇನೆಂದು ತಿಳಿದು, ಚಿಕ್ಕ ಮಕ್ಕಳಿಗೆ ಅಕ್ಷರ ತಿದ್ದಿಸಿ ಎಂದು ಕೇಳಿಕೊಂಡರು. ಬೆಳಿಗ್ಗೆ ರೇಷ್ಮೆ ಹುಳುವಿಗೆ ಸೊಪ್ಪು ಹಾಕಿ, ಸೀರೆ ಬದಲಿಸಿ ಹೋಗುತ್ತಿದ್ದೆ. ಸಂಬಳವೇನಿರಲಿಲ್ಲ. ಮಕ್ಕಳು ನನ್ನನ್ನು ಮಿಸ್ ಎಂದು ಕರೆಯುತ್ತಿದ್ದುದೇ ದೊಡ್ಡ ಖುಷಿ.

ಕ್ವಾರಿಯವರು ಶಾಲೆಗೆ ಕೈ ಬಿಚ್ಚಿ ಕೊಟ್ಟರು. ಬ್ಯಾಗು, ಬೆಂಚು, ನೀರಿನ ಟ್ಯಾಂಕು, ಕೊನೆಗೆ ಒಂದು ಹೊಸ ಕೋಣೆ. ಅದಕ್ಕೂ ಮುಂಚೆ ನನ್ನ ತರಗತಿಯ ಮಕ್ಕಳು ಶಾಲೆಯ ಜಗಲಿಯ ಮೇಲೆ, ಮೇಕೆಗಳ ಜೊತೆ ಜಾಗಕ್ಕೆ ಜಗಳವಾಡಿ ಕೂರುತ್ತಿದ್ದರು. ಆದ್ದರಿಂದ ಕೋಣೆಯ ಟೇಪು ಕತ್ತರಿಸಿದ ದಿನ ನಾನೂ ಮನಸಾರೆ ಚಪ್ಪಾಳೆ ತಟ್ಟಿದೆ. ಗೋಡೆ ಗಟ್ಟಿಯಾಗಿತ್ತು. ಮೇಲೆ ಮಾತ್ರ ಸಿಮೆಂಟ್ ಶೀಟು.

ದಿನಾ ಊಟದ ಗಂಟೆಗೆ ಸ್ವಲ್ಪ ಮೊದಲು ಕ್ವಾರಿಯಲ್ಲಿ ಸೈರನ್ ಕೂಗುತ್ತಿತ್ತು, ಆಮೇಲೆ ಬಂಡೆ ಸಿಡಿಸುತ್ತಿದ್ದರು. ಕಾಲಡಿಯ ನೆಲ ಒಂದು ಸಲ ಜಗ್ಗಿದಂತಾಗುತ್ತಿತ್ತು. ಶೀಟಿನಿಂದ ಬಿಳಿ ಪುಡಿ ಮಕ್ಕಳ ಸ್ಲೇಟಿನ ಮೇಲೆ ಉದುರುತ್ತಿತ್ತು. ಅವರು ಕಿವಿ ಮುಚ್ಚಿಕೊಂಡು ಕಿಲಕಿಲ ನಗುತ್ತಿದ್ದರು. ನಾನು ಶೀಟನ್ನೇ ನೋಡುತ್ತಾ ನಿಲ್ಲುತ್ತಿದ್ದೆ. ಬೆಳಿಗ್ಗೆ ಸೊಪ್ಪು ಕತ್ತರಿಸುವಾಗಲೇ ಆ ಹೊತ್ತಿನ ಯೋಚನೆ ಬಂದು ಕೈ ನಿಲ್ಲುತ್ತಿತ್ತು.

ತಡೆಯಲಾಗದೆ, ಸೈರನ್ ಕೂಗಿದ ಕೂಡಲೇ ಮಕ್ಕಳನ್ನೆಲ್ಲ ಹಳೆಯ ಕೋಣೆಗೆ ಅಟ್ಟತೊಡಗಿದೆ. ಅದಕ್ಕೆ ಮೋಲ್ಡಿಂಗ್ ಮಾಡಿದ ಗಟ್ಟಿ ಮಾಳಿಗೆಯಿತ್ತು.

"ದಿನಾ ಹೀಗೆ ಎಬ್ಬಿಸಿದರೆ ಪಾಠ ಯಾವಾಗ?" ಎಂದು ಮೇಡಂ ಬೇಸರಪಟ್ಟರು. "ಕೊಟ್ಟವರ ಕಿವಿಗೆ ಬಿದ್ದರೆ ಏನಂದುಕೊಳ್ಳುತ್ತಾರೆ?"

ಗಂಡ ನಕ್ಕರು. "ನಿಂಗೆ ಪುಕ್ಕಲು ಜಾಸ್ತಿ ಕಣೆ. ನಾನು ದಿನಾ ಅಲ್ಲೇ ಇರಕಿಲ್ವಾ?"

ಅವರು ಅಲ್ಲೇ ಇರುತ್ತಾರೆ ಎಂಬುದು ನನ್ನ ಭಯಕ್ಕೆ ಇನ್ನೊಂದು ಕಾರಣವಾಗಿತ್ತು.

ಮಳೆಗಾಲ ಮುಗಿದ ಮೇಲೆ ಒಂದು ದಿನ ಎಂದಿನಂತೆ ಸೈರನ್ ಕೂಗಿತು. ಮಕ್ಕಳು ಓಡಿದರು. ಒಬ್ಬ ಪುಟ್ಟ ಹುಡುಗಿ ಬಾಗಿಲಲ್ಲೇ ತಿರುಗಿ, "ಮಿಸ್, ಸ್ಲೇಟು ಬುಟ್ಬುಟ್ಟೆ" ಎಂದು ಒಳಗೆ ನುಗ್ಗಹೋದಳು. ನಾನು ಅವಳ ಫ್ರಾಕು ಹಿಡಿದೆಳೆದೆ. ನೆಲ ಜಗ್ಗಿತು. ಮರುಕ್ಷಣ ಅಟ್ಟದ ಪಾತ್ರೆಗಳೆಲ್ಲ ಒಟ್ಟಿಗೆ ಉರುಳಿದಂಥ ಸದ್ದು. ಮುಖಕ್ಕೆ ಧೂಳು ರಾಚಿತು.

ಧೂಳು ಇಳಿದಾಗ ಕೋಣೆಯೊಳಗೆ ಬಿಸಿಲು ಬಿದ್ದಿತ್ತು. ಮುಂದಿನ ಬೆಂಚು ಎರಡಾಗಿತ್ತು, ನಡುವೆ ತೆಂಗಿನಕಾಯಿ ಗಾತ್ರದ ಕಲ್ಲು.

"ನನ್ ಸ್ಲೇಟು ಓಯ್ತು" ಎಂದು ಹುಡುಗಿ ಅಳುತ್ತಿದ್ದಳು. ನನಗೆ ಅಳುವೂ ಬರಲಿಲ್ಲ. ಅವಳ ಫ್ರಾಕಿನಿಂದ ಬೆರಳು ಬಿಡಿಸಲು ಆಗಲಿಲ್ಲ. ಮೇಡಂ ಬಂದು ಒಂದೊಂದಾಗಿ ಬಿಡಿಸಿದರು.

ಊರು ಬಂದು ಸೇರಿತು. ಗಂಡ ಮೈತುಂಬ ಕಲ್ಲುಪುಡಿ ಮೆತ್ತಿಕೊಂಡು ಓಡಿಬಂದು, ಹಳೆಯ ಕೋಣೆಯಲ್ಲಿದ್ದ ನಮ್ಮ ಮಗಳನ್ನು ಎತ್ತಿಕೊಂಡರು. ಹಿಂದೆಯೇ ಜೀಪಿನಲ್ಲಿ ಕ್ವಾರಿಯ ಮ್ಯಾನೇಜರ್ ಬಂದರು. ಕಲ್ಲನ್ನು ನೋಡಿ ಅವರ ಮುಖವೂ ಬಿಳಿಚಿತು. ಆದರೂ ಬೇಗ ಸಾವರಿಸಿಕೊಂಡರು.

"ಯಾರಿಗೂ ಏನೂ ಆಗಿಲ್ಲವಲ್ಲ. ನಾಳೆಯೇ ಹೊಸ ಶೀಟು ಹಾಕಿಸ್ತೀವಿ. ಇದನ್ನ ದೊಡ್ಡದು ಮಾಡಬೇಡಿ."

ಊರಿನವರಿಬ್ಬರು ಶೀಟಿನ ಚೂರು ಆಯತೊಡಗಿದರು. ಅರ್ಧ ಊರಿನ ಒಲೆ ಉರಿಯುತ್ತಿದ್ದುದು ಆ ಕ್ವಾರಿಯಿಂದ. ಹೇಗೆ ಬಾಯಿ ತೆರೆದೆನೋ ತಿಳಿಯದು.

"ಶೀಟು ಬೇಡ ಸಾರ್. ಶಾಲೆ ಬಿಡೋವರೆಗೂ ಸಿಡಿಸಬೇಡಿ."

ಅವರು ನನ್ನನ್ನು ನೋಡಲಿಲ್ಲ. ಗಂಡನ ಕಡೆ ತಿರುಗಿ, "ನಿಮ್ಮ ಮನೆಯವರಾ?" ಎಂದು ಮೆಲ್ಲಗೆ ಕೇಳಿದರು. ಕಲ್ಲು ಬಿದ್ದಾಗಿನ ಭಯಕ್ಕಿಂತ ಆ ಮೆಲುದನಿಯ ಭಯ ಹೆಚ್ಚಾಗಿತ್ತು. ಗಂಡ ತಲೆ ಬಗ್ಗಿಸಿ "ಹೂಂ" ಎಂದರು.

ಆಗ ಹಿಂದಿನಿಂದ ನನ್ನ ಅತ್ತೆ ಮುಂದೆ ಬಂದರು. ಮನೆಯಲ್ಲಿ ನನ್ನ ಪರವಾಗಿ ಒಂದು ಮಾತೂ ಆಡದ ಹೆಂಗಸು.

"ಅವ್ಳು ನಮ್ಮನೆಯವ್ಳೇ ಕಣಪ್ಪ. ನೀವು ಬೆಂಚು ಕೊಟ್ರಿ, ಒಳ್ಳೇದಾಯ್ತು. ಮಕ್ಳೇ ಇಲ್ದಿದ್ಮ್ಯಾಕೆ ಆ ಬೆಂಚ್ ಮ್ಯಾಲೆ ಯಾರ್ನ ಕೂರುಸ್ತೀರಿ?" ಎಂದವರೇ ಮೊಮ್ಮಗಳನ್ನು ಮಗನ ತೋಳಿನಿಂದ ತೆಗೆದುಕೊಂಡು, "ಇವ್ರು ವೊತ್ತು ಬದಲಾಯಿಸೋಗಂಟ ಇವ್ಳು ಸ್ಕೂಲಿಗೆ ಬರಕಿಲ್ಲ" ಎಂದು ಹೊರಟುಬಿಟ್ಟರು. ಅವರ ಹಿಂದೆ ಇನ್ನೊಬ್ಬ ತಾಯಿ, ಆಮೇಲೆ ಮತ್ತೊಬ್ಬರು. ಮರುದಿನ ಶಾಲೆಯಲ್ಲಿ ಮೇಡಂ ಒಬ್ಬರೇ ಕೂತಿದ್ದರು.

ಆ ದಿನಗಳನ್ನು ಹೇಗೆ ಕಳೆದೆನೋ. ಗಂಡ ಬೆಳಿಗ್ಗೆ ಹೊರಡುವಾಗ, ಇವತ್ತು ಕೆಲಸದಿಂದ ತೆಗೆದರೆ ಎಂಬ ಭಯ. ಸಂಜೆ ತಡವಾದರೆ ಇನ್ನೂ ದೊಡ್ಡ ಭಯ. ಟಿಪ್ಪರಿನ ಸದ್ದು ಕೇಳಿದರೆ ಬಾಗಿಲಿಗೆ ಓಡುತ್ತಿದ್ದೆ.

ಶಾಲೆ ಖಾಲಿಯಾದ ಸುದ್ದಿ ಕನಕಪುರದ ತಾಲ್ಲೂಕು ಕಚೇರಿಯವರೆಗೆ ಹೋಗುವ ಮೊದಲೇ ಕ್ವಾರಿಯವರು ಒಪ್ಪಿದರು. ಸಿಡಿಸುವುದು ಸಂಜೆಗೆ ಹೋಯಿತು. ಕೋಣೆಗೆ ಮೋಲ್ಡಿಂಗ್ ಬಂತು. ಗಂಡನನ್ನು ಟಿಪ್ಪರಿನಿಂದ ಇಳಿಸಿ ಲಾರಿಗಳನ್ನು ತೂಗುವ ತೂಕದ ಮನೆಯಲ್ಲಿ ಕೂರಿಸಿದರು. ಅದು ಬಡ್ತಿಯೋ ಶಿಕ್ಷೆಯೋ ಅವರಿಗೆ ಕೊನೆಯವರೆಗೂ ಅರ್ಥವಾಗಲಿಲ್ಲ. ವರ್ಷ ತುಂಬುವುದರೊಳಗೆ ಬಿಟ್ಟು ಡೈರಿಯ ಹಾಲಿನ ವ್ಯಾನಿಗೆ ಸೇರಿದರು.

ನಾನು ಪಾಠ ಹೇಳುವುದನ್ನು ಬಿಡಲಿಲ್ಲ. ಮಕ್ಕಳು ಮತ್ತೆ ಬಂದ ಮೊದಲ ದಿನ ಯಾರೂ ಮುಂದಿನ ಸಾಲಿನಲ್ಲಿ ಕೂರಲು ಒಪ್ಪಲಿಲ್ಲ. ಎಲ್ಲರೂ ಗೋಡೆಗೆ ಒತ್ತಿಕೊಂಡು, ಮೇಲೆ ನೋಡುತ್ತಾ ನಿಂತಿದ್ದರು. ನನಗೂ ಧೈರ್ಯವೇನಿರಲಿಲ್ಲ. ಮುರಿದುದರ ಜಾಗಕ್ಕೆ ಬಂದಿದ್ದ ಹೊಸ ಮುಂದಿನ ಬೆಂಚಿನ ಮೇಲೆ ನಾನೇ ಹೋಗಿ ಕೂತು, ಪುಸ್ತಕ ಬಿಚ್ಚಿ ಓದತೊಡಗಿದೆ. ಒಂದು ಪುಟ ಮುಗಿಯುವಷ್ಟರಲ್ಲಿ ನನ್ನ ಎರಡೂ ಪಕ್ಕ ಯಾರೋ ಬಂದು ಅಂಟಿಕೊಂಡು ಕೂತಿದ್ದರು.