ಆಂಪ್ಲಿಫೈಯರಿಗೆ ಹೊದಿಸಿದ ಚಾದರ

ಕಾರಿನ ಮುಂದೀಪಗಳು ಮಬ್ಬಾಗುವುದಕ್ಕೂ ಒಂದು ತಾಳವಿರುತ್ತದೆಂದು ನನಗೆ ತಿಳಿದದ್ದು ಹೋದ ವರ್ಷ, ಅಕ್ಕಲಕೋಟದಿಂದ ಸೊಲ್ಲಾಪುರಕ್ಕೆ ಮರಳುತ್ತಿದ್ದ ಒಂದು ಗುರುವಾರದ ಮುಸ್ಸಂಜೆ. ಒಳಗೆ ಹಚ್ಚಿದ ಹಾಡಿನಲ್ಲಿ ಢೋಲಕಿಗೆ ಪೆಟ್ಟು ಬಿದ್ದಾಗಲೆಲ್ಲ ಹೊರಗೆ ದೀಪ ಕಣ್ಣು ಮುಚ್ಚಿ ತೆರೆಯುತ್ತಿತ್ತು. ಎದುರಿನಿಂದ ಬಂದ ಎಸ್.ಟಿ. ಬಸ್ಸಿನ ಚಾಲಕ ಯಾರೋ ಪರಿಚಯದವರು ಸನ್ನೆ ಮಾಡುತ್ತಿದ್ದಾರೆಂದು ಭಾವಿಸಿ, ತಾನೂ ಎರಡು ಸಲ ದೀಪ ಮಿನುಗಿಸಿ ಸೌಜನ್ಯ ಮೆರೆದ.

ಅರವತ್ತು ದಾಟಿದ ನನ್ನಂಥ ಚಾದರದ ವ್ಯಾಪಾರಿಯ ಹಳೆಯ ಡೀಸೆಲ್ ಕಾರಿನಲ್ಲಿ ಮದುವೆಯ ಮೆರವಣಿಗೆಗೆ ಸಾಲುವಷ್ಟು ಸದ್ದಿನ ಸರಂಜಾಮು ಏಕೆಂದು ನೀವು ಕೇಳುತ್ತೀರಿ, ಕೇಳಬೇಕಾದದ್ದೇ. ಅದು ನನ್ನ ಅಣ್ಣನಿಗಾಗಿ. ಅಣ್ಣ ನಲವತ್ತು ವರ್ಷ ನಮ್ಮ ಶೆಡ್ಡಿನಲ್ಲಿ ವಿದ್ಯುತ್ ಮಗ್ಗಗಳ ನಡುವೆ ನಿಂತು ಚಾದರ ನೇಯಿಸಿದ. ನಾನು ಪೇಟೆಯ ಅಂಗಡಿಯಲ್ಲಿ ಗಾದಿಯ ಮೇಲೆ ಕೂತು ಮಾರಿದೆ. ಆ ಖಟಖಟದಲ್ಲಿ ಅವನ ಎಡಗಿವಿ ಪೂರ್ತಿ ಹೋಯಿತು, ಬಲಗಿವಿಯಲ್ಲಿ ಒಂದು ಚೂರು ಉಳಿಯಿತು. ನನ್ನ ಎರಡೂ ಕಿವಿಗಳು ಕ್ಷೇಮವಾಗಿವೆ. ಈ ಪಾಲುಪಟ್ಟಿಯನ್ನು ನಾವಿಬ್ಬರೂ ಎಂದೂ ಚರ್ಚಿಸಿಲ್ಲವಾದರೂ ನೆನೆದಾಗ ನನಗೆ ನಾಚಿಕೆಯಾಗುತ್ತದೆ.

ಪ್ರಾಯದಲ್ಲಿ ಅಣ್ಣ ಭಜನಾ ಮೇಳದ ಮುಖ್ಯ ಗಾಯಕ. ಆ ಮೇಳದ ಒಂದೇ ಒಂದು ಕ್ಯಾಸೆಟ್ ಉಳಿದಿತ್ತು. ಅದನ್ನು ಪೆನ್‌ಡ್ರೈವಿಗೆ ಇಳಿಸಿಕೊಂಡು ಬಂದು, ತನ್ನ ದನಿಯನ್ನು ತಾನು ಕೇಳಬೇಕೆಂದು ಹಟ ಹಿಡಿದ. ಶ್ರವಣಯಂತ್ರದಲ್ಲಿ ಅದು ಕುಕ್ಕರಿನ ಸೀಟಿಯಂತೆ ಕೇಳಿಸಿತೆಂದು ಯಂತ್ರ ಕಪಾಟು ಸೇರಿತು. ಮನೆಯಲ್ಲಿ ಜೋರಾಗಿ ಹಚ್ಚಿದರೆ ನೆರೆಹೊರೆಯವರು ಬಾಗಿಲು ಬಡಿಯುತ್ತಾರೆ. ಉಳಿದದ್ದು ಕಾರು, ಮತ್ತು ಪ್ರತಿ ಗುರುವಾರ ದೇವರ ದರ್ಶನಕ್ಕೆ ಹೋಗುವ ಅಕ್ಕಲಕೋಟದ ದಾರಿ. ಡಿಕ್ಕಿಯಲ್ಲಿ ಸದ್ದು ಹಿಗ್ಗಿಸುವ ಆಂಪ್ಲಿಫೈಯರ್, ಒಳಗೆ ದೊಡ್ಡ ಸ್ಪೀಕರುಗಳು ಬಂದವು. ಬಲಗಿವಿಯಲ್ಲಿ ಉಳಿದ ಚೂರು ಹೇಗೂ ಹೋಗುವಂಥದ್ದು, ಅಬ್ಬರದ ಸದ್ದಾದರೆ ಇನ್ನೂ ಬೇಗ ಹೋಗುತ್ತದೆ ಎಂದು ಕಿವಿಯ ಡಾಕ್ಟರರು ಎಚ್ಚರಿಸಿದ್ದರು. ನಮ್ಮ ಮನೆಯಲ್ಲಿ ಮಾತು ಕನ್ನಡ, ಬರವಣಿಗೆ ಮರಾಠಿ. ಹಾಗಾಗಿ ಅದನ್ನು ಮರಾಠಿಯಲ್ಲಿ ಚೀಟಿ ಬರೆದು ತೋರಿಸಿದೆ.

“ಉಳಿಸಿಟ್ಟು ಏನ್ ಕೇಳ್ಲಿ?” ಎಂದ ಅಣ್ಣ. “ನಿನ್ನ ಮಾತು?”

ಮಿನುಗುವ ದೀಪದ ಚಿಕಿತ್ಸೆಗೆ ಕಾರಿನ ವೈರಿಂಗ್ ಮಾಡುವ ರಫೀಕನನ್ನು ಹಿಡಿದೆ. ಅವನ ವ್ಯಾಖ್ಯಾನದ ಸಾರಾಂಶವಿಷ್ಟು: ಗಾಡಿ ನಿಧಾನವಾದಾಗ ಆಲ್ಟರ್ನೇಟರ್ ಹುಟ್ಟಿಸುವ ಕರೆಂಟೂ ಕಡಿಮೆಯಾಗುತ್ತದೆ, ಆಂಪ್ಲಿಫೈಯರ್ ಮಾತ್ರ ತನ್ನ ಪಾಲನ್ನು ಬಿಡದೆ ಬ್ಯಾಟರಿಯಿಂದ ಕಿತ್ತುಕೊಳ್ಳುತ್ತದೆ, ಸೊರಗುವುದು ದೀಪ. ಅವನು ದೊಡ್ಡ ಆಲ್ಟರ್ನೇಟರ್ ಕೂರಿಸಿದ. ಬ್ಯಾಟರಿಯಿಂದ ಡಿಕ್ಕಿಯವರೆಗೆ ಹೆಬ್ಬೆರಳು ದಪ್ಪದ ತಾಮ್ರದ ಕೇಬಲ್ ಎಳೆದ, ಬ್ಯಾಟರಿಯಿಂದ ಗೇಣು ದೂರದಲ್ಲೇ ಫ್ಯೂಸ್ ಇಟ್ಟ, ಅರ್ಥಿಂಗಿಗೂ ಅಷ್ಟೇ ದಪ್ಪದ ತಂತಿ ಬೇಕೆಂದ, ಎಂಜಿನ್ ನಿಲ್ಲಿಸಿ ಹಾಡು ಹಚ್ಚಬೇಡಿರೆಂದು ನನ್ನಿಂದ ಮಾತು ತೆಗೆದುಕೊಂಡ. ಒಂದು ತಂತಿ ಬಿಸಿಯಾಗಬಾರದೆಂದು ಇಷ್ಟೆಲ್ಲ ಮುತುವರ್ಜಿ! ನಮ್ಮ ಶೆಡ್ಡಿನಲ್ಲಿ ಸುತ್ತಲೂ ಹತ್ತಿಯೇ ಇತ್ತು, ಅದರ ಒಂದು ಉಂಡೆಯನ್ನು ಅಣ್ಣನ ಕಿವಿಗೆ ಇಡಬೇಕೆಂದು ನಲವತ್ತು ವರ್ಷ ಯಾರಿಗೂ ಹೊಳೆಯಲಿಲ್ಲ.

ದೀಪ ಸ್ಥಿರವಾಯಿತು. ಆಮೇಲೆ ಕೆಲಸ ಕೆಡಿಸಿದವನು ನಾನು. ನಮ್ಮ ಮನೆತನದಲ್ಲಿ ಹೊಸ ವಸ್ತು ಬಂದರೆ ಮೊದಲು ಅದಕ್ಕೆ ಚಾದರ ಹೊದಿಸುತ್ತೇವೆ. ಟಿವಿ, ಫ್ರಿಜ್, ಹೊಲಿಗೆ ಯಂತ್ರ, ಯಾವುದೂ ನಮ್ಮಲ್ಲಿ ಬರಿಮೈಯಲ್ಲಿ ಬಾಳಿದ್ದಿಲ್ಲ. ಡಿಕ್ಕಿಯಲ್ಲಿ ಮಿರಮಿರ ಮಿಂಚುತ್ತಿದ್ದ ಆಂಪ್ಲಿಫೈಯರಿಗೆ ಧೂಳು ಕೂರದಿರಲೆಂದು ಅಂಗಡಿಯಿಂದ ದಪ್ಪನೆಯ ಚಾದರ ತಂದು, ನಾಲ್ಕು ಮಡಿಕೆ ಮಾಡಿ, ವಾತ್ಸಲ್ಯದಿಂದ ಸುತ್ತಿದೆ.

ಮುಂದಿನ ಗುರುವಾರ ವಳಸಂಗ ದಾಟುತ್ತಲೇ ಹಾಡು ನಿಂತಿತು. ಹಾಡಿನ ಗುಂಡಿ ಅಣ್ಣನ ಕೈಯಲ್ಲೇ ಇರುವುದರಿಂದ ಅವನೇ ಆರಿಸಿದನೆಂದುಕೊಂಡು, ನಾನು ಆ ನಿಶ್ಶಬ್ದವನ್ನು ಸ್ವಾರ್ಥಿಯಂತೆ ಸವಿದೆ. ಹಳೆಯ ಡೀಸೆಲ್ ಗಾಡಿ ಹೇಗೂ ನಡುಗುತ್ತಲೇ ಇರುತ್ತದೆ. ಯಾವ ಅದುರು ಹಾಡಿನದು, ಯಾವುದು ರಸ್ತೆಯದು, ಕೂತವನಿಗೆ ತಿಳಿಯುವುದಿಲ್ಲ. ಅಕ್ಕಲಕೋಟದಲ್ಲಿ ಗಾಡಿ ನಿಲ್ಲಿಸಿದ ಮೇಲೆ ಅಣ್ಣ ಬಲಗಿವಿ ಮುಟ್ಟಿಕೊಂಡು, “ಹೋತು. ಏನೂ ಕೇಳವಲ್ದು,” ಎಂದ.

ನಾನು ದಿಗಿಲುಬಿದ್ದು ಹಾರ್ನ್ ಒತ್ತಿದೆ. ಅವನು ಬೆಚ್ಚಿಬಿದ್ದು ನನ್ನತ್ತ ತಿರುಗಿದ. ಕಿವಿ ಇತ್ತು, ಹೋದದ್ದು ಹಾಡು. ಡಿಕ್ಕಿ ತೆರೆದು ಚಾದರ ಬಿಚ್ಚಿದರೆ ಆಂಪ್ಲಿಫೈಯರ್ ರೊಟ್ಟಿಯ ಹಂಚಿನಷ್ಟು ಕಾದಿತ್ತು. ಫೋನಿನಲ್ಲಿ ರಫೀಕ, ಬಿಸಿಯಾದರೆ ಅದು ತನ್ನಷ್ಟಕ್ಕೆ ಬಾಯಿ ಮುಚ್ಚುತ್ತದೆ, ಆರಿದರೆ ಮತ್ತೆ ಹಾಡುತ್ತದೆ ಎಂದು ವಿವರಿಸಿ, “ಅದಕ್ಕ ಥಂಡಿ ಹತ್ತಿತ್ತೇನ್ರಿ, ಸೇಠ?” ಎಂದು ಕೇಳಿದ. ಅರ್ಧ ತಾಸಿಗೆ ಹಾಡು ಬಂತು. ಅಣ್ಣ ಮಗುವಿನಂತೆ ಅತ್ತ, ನಾನೂ ಅತ್ತೆ.

ಇದಾಗಿ ನಾಲ್ಕು ತಿಂಗಳು. ಚಾದರ ಅಂಗಡಿಗೆ ಮರಳಿದೆ, ತಂತಿ ತಣ್ಣಗಿದೆ, ಗಾಡಿಯ ಆರೋಗ್ಯದ ಬಗ್ಗೆ ಯಾವ ದೂರೂ ಇಲ್ಲ. ಮೊನ್ನೆ ಗುರುವಾರ ಅದೇ ದಾರಿಯಲ್ಲಿ, ಸ್ಪೀಕರುಗಳು ಗಾಜು ಅದುರುವಂತೆ ಹಾಡುತ್ತಿದ್ದವು; ಅಣ್ಣನ ಪ್ರಾಯದ ದನಿ ತಾರಕಕ್ಕೇರಿತ್ತು. ಅವನು ನನ್ನ ತೋಳು ಮುಟ್ಟಿದ.

“ಗಾಡಿ ನಿಲ್ಲಸು. ಮತ್ತ ಬಿಸಿ ಆಗ್ಯದ ನೋಡು.”

ರಸ್ತೆಯ ಬದಿಗೆ ನಿಲ್ಲಿಸಿದೆ. ಹಾರ್ನನ್ನು ಉದ್ದಕ್ಕೆ ಒತ್ತಿದೆ. ಅವನು ಎದುರಿನ ತೊಗರಿ ಹೊಲ ನೋಡುತ್ತ ಕೂತೇ ಇದ್ದ. ಇಳಿದು ಹೋಗಿ ಡಿಕ್ಕಿ ತೆರೆದು ಆಂಪ್ಲಿಫೈಯರಿನ ಮೇಲೆ ಅಂಗೈ ಇಟ್ಟೆ. ಬೆಚ್ಚಗೂ ಆಗಿರಲಿಲ್ಲ. ಅಂಗೈ ತೆಗೆಯಲು ನನಗೆ ಬಹಳ ಹೊತ್ತು ಹಿಡಿಯಿತು.

ಮರಳಿ ಬಂದು ಹಾಡು ಆರಿಸಿದೆ. ಅಣ್ಣ ನನ್ನ ಮುಖ ನೋಡುತ್ತಿದ್ದ. ಹೌದು, ಬಿಸಿಯಾಗಿದೆ ಎಂದು ತಲೆಯಾಡಿಸಿ, ಸುಟ್ಟುಕೊಂಡವನಂತೆ ಕೈ ಝಾಡಿಸಿ ತೋರಿಸಿದೆ. ಅವನ ಮುಖ ಹಗುರಾಯಿತು.

“ಆರ್ಲಿ,” ಎಂದು ಸೀಟಿಗೆ ಒರಗಿದ. “ಗಡಿಬಿಡಿ ಏನದ? ಕೂಡು.”

ಕೂತೆ.